ಯು2 ‘ದ ಜೋಶುವಾ ಟ್ರೀ’ (1987): ಎಡ್ಜ್ ಗಿಟಾರಿನ ಡಿಲೇ ಲೆಕ್ಕ, ಬೇಸ್, ಪ್ರತಿಗಳು, ಮತ್ತೆ ಆ ಮರ

#1 ಮೀಟುಬೆರಳು

ಐರಿಷ್ ಬ್ಯಾಂಡ್ ಯು2ದ ಈ ಆಲ್ಬಮ್ಮಿನಲ್ಲಿ ಎಡ್ಜ್ ನುಡಿಸಿದ ಗಿಟಾರ್ ಸದ್ದಿನ ಬಗ್ಗೆ ಪ್ರಶ್ನೆ ಬಂದಾಗಲೆಲ್ಲ "ಡಿಲೇ 375ಕ್ಕೆ ಇಡಿ, ಮುಗೀತು" ಅನ್ನೋ ಉತ್ತರ ಬೀಳ್ತದೆ. ಡಿಲೇ ಅಂದರೆ ಮೀಟಿದ ಸ್ವರವನ್ನು ಸ್ವಲ್ಪ ತಡೆದು ಪ್ರತಿಧ್ವನಿಯಾಗಿ ಕೇಳಿಸೋ ಯಂತ್ರ. 375 ಮಿಲಿಸೆಕೆಂಡ್ ಸರಿಹೋಗೋದು ನಿಮಿಷಕ್ಕೆ 120 ಬೀಟ್ ಇರೋ ಹಾಡಿಗೆ ಮಾತ್ರ. ‘ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಓಡೋದು ಸುಮಾರು 126ರಲ್ಲಿ. ‘ವಿತ್ ಆರ್ ವಿದೌಟ್ ಯೂ’ ಸುಮಾರು 110. ಹಾಡು ಬದಲಾದರೆ ಸಂಖ್ಯೆಯೂ ಬದಲಾಗಬೇಕು.

ಲೆಕ್ಕ ಇಷ್ಟೇ: 60000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋ ಸಂಖ್ಯೆ) ಭಾಗಿಸಿ, ಬಂದದ್ದನ್ನು 0.75ರಿಂದ ಗುಣಿಸಿ. 126ಕ್ಕೆ 357, 110ಕ್ಕೆ 409, 100ಕ್ಕೆ 450 ಮಿಲಿಸೆಕೆಂಡ್. ಇದೇ ಡಾಟೆಡ್ ಎಯ್ತ್, ಅಂದರೆ ಒಂದು ಬೀಟಿನ ಮುಕ್ಕಾಲು.

ಈಗ ಕೈ ಹೇಗೆ ಓಡಬೇಕು ಅನ್ನೋದು. ಎಡ್ಜ್ ನುಡಿಸೋದು ಬರೀ ಎಂಟನೇ ಸ್ವರಗಳನ್ನು, ಬೀಟಿಗೆ ಎರಡು. ನಮ್ಮ ಕಿವಿಗೆ ಬೀಟಿಗೆ ನಾಲ್ಕು ಕೇಳಿಸ್ತವೆ. ಉಳಿದ ಎರಡು ಯಂತ್ರದ ಪಾಲು. ಹೀಗಾಗಿ ಬೀಟಿಗೆ ನಾಲ್ಕನ್ನೂ ತಾವೇ ಮೀಟೋಕೆ ಹೋದವರಿಗೆ ‘ಸ್ಟ್ರೀಟ್ಸ್’ ಎಂದೂ ಬರಲ್ಲ: ಪ್ರತಿಧ್ವನಿ ಕೂರೋಕೆ ಜಾಗವೇ ಉಳಿದಿರಲ್ಲ.

ಪೆಡಲ್ ಸರಿಯಾಗಿದೆಯೋ ಇಲ್ಲವೋ ನೋಡೋಕೆ:

1. ಮೆಟ್ರೊನೋಮ್ (ತಾಳ ಹಿಡಿಯೋ ಯಂತ್ರ) 126ಕ್ಕೆ ಇಡಿ. ಡಿಲೇ 357, ರಿಪೀಟ್ (ಪ್ರತಿಧ್ವನಿ) ಒಂದೇ ಒಂದು, ಮಿಕ್ಸ್ (ಬೆರೆಯೋ ಪ್ರತಿಧ್ವನಿಯ ಪಾಲು) ಅರ್ಧ.
2. ಒಂದೇ ತಂತಿಯನ್ನು ಅಂಗೈಯಿಂದ ಮೆತ್ತಗೆ ಒತ್ತಿ ಹಿಡಿದು ಎಂಟನೇ ಸ್ವರ ಸಮನಾಗಿ ಮೀಟಿ.
3. ಹೊಲಿಗೆ ಯಂತ್ರದ ಹಾಗೆ ಸಮ ಸದ್ದು ಬಂದರೆ ಸರಿ. ಟಗಡಕ್ ಟಗಡಕ್ ಅಂತ ಕುಂಟಿದರೆ ಸಮಯ ತಪ್ಪಿದೆ.
4. ಕಿವಿ ಮೇಲೆ ನಂಬಿಕೆ ಇಲ್ಲದಿದ್ದರೆ ರೆಕಾರ್ಡ್ ಮಾಡಿ ಅಲೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮೊನೆಯಿಂದ ಮೊನೆಗೆ 119 ಮಿಲಿಸೆಕೆಂಡ್ ಬರಬೇಕು. ಅದರ ಮೂರರಷ್ಟೇ 357.

ಐದು ಮಿಲಿಸೆಕೆಂಡ್ ಆಚೀಚೆ ಆದರೆ ಯಾರಿಗೂ ಗೊತ್ತಾಗಲ್ಲ. ಹದಿನೈದು ದಾಟಿದರೆ ಡ್ರಮ್ಮರ್ ತಿರುಗಿ ನೋಡ್ತಾನೆ.

#2 ಹೊಸತಂತಿ

ಸರ್, ನನ್ನ ಪೆಡಲಿನಲ್ಲಿ ಟ್ಯಾಪ್ ಬಟನ್ (ತಾಳಕ್ಕೆ ಕಾಲಿನಲ್ಲಿ ಒತ್ತಿ ಡಿಲೇ ಸಮಯ ಹೊಂದಿಸೋದು) ಇದೆ, ಪಕ್ಕದಲ್ಲಿ ಡಾಟೆಡ್ ಎಯ್ತ್ ಗುರುತಿನ ಸ್ವಿಚ್ಚೂ ಇದೆ. ಸ್ವಿಚ್ ಆ ಕಡೆ ಹಾಕಿ, ಹಾಡಿನ ಪ್ರತಿಧ್ವನಿ ಕೇಳ್ತಾ ಅದರ ವೇಗಕ್ಕೇ ಟ್ಯಾಪ್ ಮಾಡಿದರೆ ಪರದೆ ಮೇಲೆ 268 ಬರ್ತಿದೆ. ನೀವು ಹೇಳಿದ ‘ಟಗಡಕ್’ ಕುದುರೆ ಓಟವೇ ಕೇಳಿಸ್ತಿದೆ. ಪೆಡಲೇ ಕೆಟ್ಟಿದೆಯಾ?

#3 ಮೀಟುಬೆರಳು

ಕೆಟ್ಟಿಲ್ಲ. 357ರ ಮುಕ್ಕಾಲು 268. ಮುಕ್ಕಾಲನ್ನು ಎರಡು ಸಲ ತೆಗೆದಿದ್ದೀರಿ: ಕಾಲಿನಲ್ಲಿ ಒಮ್ಮೆ, ಸ್ವಿಚ್ಚಿನಲ್ಲಿ ಇನ್ನೊಮ್ಮೆ. ಸ್ವಿಚ್ ಡಾಟೆಡ್ ಕಡೆ ಇದ್ದರೆ ಡ್ರಮ್ಮಿನ ಬೀಟಿಗೆ ಟ್ಯಾಪ್ ಮಾಡಿ, ಪ್ರತಿಧ್ವನಿಯ ವೇಗಕ್ಕಲ್ಲ.

ಟ್ಯಾಪ್ ಇದ್ದು ಸ್ವಿಚ್ ಇಲ್ಲದ ಪೆಡಲ್ ಇದ್ದವರಿಗೂ ದಾರಿ ಇದೆ. ಹಾಡಿನ ಬಿಪಿಎಂ ಅನ್ನು ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿ. 126ಕ್ಕೆ 168 ಬರ್ತದೆ. ಮೆಟ್ರೊನೋಮ್ 168ಕ್ಕೆ ಇಟ್ಟು ಅದಕ್ಕೆ ಟ್ಯಾಪ್ ಮಾಡಿದರೆ ಪೆಡಲ್ ತಾನಾಗೇ 357ಕ್ಕೆ ನಿಲ್ತದೆ. ನಾಲ್ಕೈದು ಸಲ ಒತ್ತಿ, ಎರಡು ಸಲಕ್ಕೇ ಬಿಟ್ಟರೆ ಕಾಲಿನ ತಪ್ಪು ಹಾಗೇ ಉಳೀತದೆ.

ಗುಬುಟು (ತಿರುಗಿಸೋ ನಾಬ್) ಮಾತ್ರ ಇರೋ ಪೆಡಲಾದರೆ #1ರ ಮೂರನೇ ಹೆಜ್ಜೆಯೇ ಗತಿ. ಗುಬುಟು ಸಿಕ್ಕ ಜಾಗದಲ್ಲಿ ಬಿಳಿ ಪೆನ್ಸಿಲಿನಿಂದ ಗೆರೆ ಎಳೆದಿಡಿ.

#4 ಹುಬ್ಳಿ_ಲಯ

ಇದನ್ನ ಮಿಲಿಸೆಕೆಂಡಿನ್ಯಾಗ ಯಾಕ ಹೇಳ್ತೀರಿ, ಬಾಯಿಲೆ ಹೇಳ್ರಿ, ತಾನ ತಿಳೀತದ.

ತಕಧಿಮಿ ತಕಧಿಮಿ ಅನ್ಕೋತ ಕೈ ತಟ್ರಿ. ಒಂದು ತಟ್ಟಿಗೆ ನಾಲ್ಕ ಅಕ್ಷರ, ಚತುರಶ್ರ ನಡೆ. ಗಿಟಾರ್ ಮೀಟೂದು ‘ತ’ ಮ್ಯಾಲ ಮತ್ತ ‘ಧಿ’ ಮ್ಯಾಲ, ಅಷ್ಟ. ಯಂತ್ರ ಮೂರ ಅಕ್ಷರ ತಡದು ಮಾತಾಡ್ತದ. ‘ತ’ದಿಂದ ಮೂರ ಎಣಿಸ್ರಿ, ‘ಮಿ’ಗೆ ಬಂದು ಬೀಳ್ತದ. ‘ಧಿ’ಯಿಂದ ಮೂರ ಎಣಿಸ್ರಿ, ಮುಂದಿನ ತಟ್ಟಿನ ‘ಕ’ಕ್ಕ ಬೀಳ್ತದ. ನಿಮ್ಮ ಕೈ ‘ತ’ ಮತ್ತ ‘ಧಿ’, ಯಂತ್ರದ್ದು ‘ಕ’ ಮತ್ತ ‘ಮಿ’. ನಾಲ್ಕೂ ಮನಿ ತುಂಬಿದ್ವು.

ಇನ್ನ ಎರಡನೇ ಪ್ರತಿಧ್ವನಿ. ಅದು ಆರು ಅಕ್ಷರ ತಡದು ಬರ್ತದ. ಆರು ಅಂದ್ರ ಸರಿ ಸಂಖ್ಯಾ, ಹಿಂಗಾಗಿ ಅದು ತಿರುಗಿ ನಿಮ್ಮ ಕೈ ಇದ್ದ ಮನೀಗೇ, ‘ತ’ ‘ಧಿ’ ಮ್ಯಾಲೇ ಬಂದು ಕುಂಡ್ರತದ. ನೀವು ಹೊಸ ಸ್ವರ ಮೀಟೂ ಹೊತ್ತಿಗೆ ಮೂರು ಸ್ವರದ ಹಿಂದಿನ ಹಳೇದು ಬಂದು ಅದಕ್ಕ ಡಿಕ್ಕಿ ಹೊಡೀತದ. ರಿಪೀಟ್ ಜಾಸ್ತಿ ಇಟ್ರ ಗಲೀಜ್ ಆಗೂದು ಇದಕ್ಕ.

#5 ಕರಾವಳಿ_ಕಿವಿ

ಇದು ಚಂದ ಆಯ್ತು ಮಾರಾಯ್ರೆ. ಆದರೆ ಸಮಯ ಸರಿ ಇದ್ದೂ ಕೆಲವರದ್ದು ಅದೆಂತ ಬಾವಿಯೊಳಗೆ ನುಡಿಸಿದ ಹಾಗೆ ಕೇಳುದು? ರೆಕಾರ್ಡಿನಲ್ಲಿ ಪ್ರತಿಧ್ವನಿಯೂ ಕೈಯೂ ಬೇರೆ ಬೇರೆ ಅಂತ ಗೊತ್ತೇ ಆಗುದಿಲ್ಲ.

#6 ಮೀಟುಬೆರಳು

ಮಿಕ್ಸ್ ಕಡಿಮೆ ಇಟ್ಟಿರ್ತಾರೆ, ಅದೇ ಕಾರಣ. ಸಾಧಾರಣವಾಗಿ ಡಿಲೇ ಅಂದರೆ 20–30% ಬೆರೆಸೋ ಅಭ್ಯಾಸ ಇರ್ತದೆ, ಅದು ಸೋಲೋಗೆ ಸರಿ. ಇಲ್ಲಿ ಮೊದಲ ಪ್ರತಿಧ್ವನಿ ಮೂಲ ಸ್ವರದ 80–90% ಗಟ್ಟಿ ಇರಬೇಕು. ಆಗ ಕಿವಿ ಎರಡನ್ನೂ ಒಂದೇ ಸಾಲು ಅಂತ ಒಪ್ಪಿಕೊಳ್ತದೆ. ಮಿಕ್ಸ್ ಗುಬುಟು ಹನ್ನೆರಡು ಗಂಟೆಯ ಸ್ವಲ್ಪ ಹಿಂದೆ, ಫೀಡ್‌ಬ್ಯಾಕ್ (ಪ್ರತಿಧ್ವನಿ ಎಷ್ಟು ಮರುಕಳಿಸಬೇಕು ಅನ್ನೋದು) 25–30%, ಅಂದರೆ ಸ್ಪಷ್ಟವಾಗಿ ಕೇಳೋ ರಿಪೀಟ್ ಎರಡು, ಮೂರನೆಯದು ಇದ್ದೂ ಇಲ್ಲದ ಹಾಗೆ.

ಇನ್ನು ಜೋಡಣೆ. ಎಡ್ಜ್ ಸದ್ದಿನ ಬೆನ್ನೆಲುಬು ಕೊರ್ಗ್ ಎಸ್‌ಡಿಡಿ-3000 ಡಿಜಿಟಲ್ ಡಿಲೇ ಮತ್ತು ವಾಕ್ಸ್ ಎಸಿ30 ಆಂಪ್. ಕೊರ್ಗ್‌ದು ರ‍್ಯಾಕ್ ಯಂತ್ರ, 1023 ಮಿಲಿಸೆಕೆಂಡ್‌ವರೆಗೆ ಹೋಗ್ತದೆ. ಅದರೊಳಗಿನ ಪ್ರಿಆಂಪ್ ಗಿಟಾರಿನ ಸಿಗ್ನಲನ್ನು ಸ್ವಲ್ಪ ಎತ್ತಿ ಕೊಡ್ತದೆ, ಡಿಲೇ ಕೇಳದಿದ್ದಾಗಲೂ. ಆ ಎತ್ತಿದ ಸಿಗ್ನಲ್ ಎಸಿ30ರ ಮುಂದಿನ ಇನ್‌ಪುಟ್ಟಿಗೇ ಹೋಗೋದರಿಂದ ವಾಲ್ವಿನ ಸದ್ದು ಸ್ವಲ್ಪ ಒಡೀತದೆ, ಮೂಲ ಸ್ವರವೂ ಪ್ರತಿಧ್ವನಿಯೂ ಒಂದೇ ಬಾಗಿಲಲ್ಲಿ ತೂರಿ ಒಂದೇ ಮಟ್ಟಕ್ಕೆ ಒತ್ತಿಕೊಳ್ತವೆ. ಕೈ ಯಾವುದು ಯಂತ್ರ ಯಾವುದು ಅಂತ ಗೊತ್ತಾಗದಿರೋಕೆ ಇದೂ ಒಂದು ಕಾರಣ.

ಮನೆ ಮಟ್ಟಕ್ಕೆ ಹೀಗೆ ಮಾಡಬಹುದು: ಗಿಟಾರ್, ಕಂಪ್ರೆಸರ್ (ಜೋರು–ಮೆಲು ಸದ್ದನ್ನು ಸಮ ಮಾಡೋದು; ಹಗುರವಾಗಿ), ಡಿಲೇ, ಬಹಳ ಕಡಿಮೆ ಗೇನಿನ (ಸಿಗ್ನಲ್ ಎತ್ತೋ ಪ್ರಮಾಣ) ಓವರ್‌ಡ್ರೈವ್ (ಸದ್ದನ್ನು ಒಡೆಯೋ ಪೆಡಲ್) ಅಥವಾ ಬೂಸ್ಟ್, ಆಂಪ್. ಓವರ್‌ಡ್ರೈವ್ ಡಿಲೇ ನಂತರ ಇಡೋದು ಪುಸ್ತಕದ ಕ್ರಮಕ್ಕೆ ಉಲ್ಟಾ. ಗೇನ್ ಕಡಿಮೆ ಇದ್ದಷ್ಟು ಹೊತ್ತು ಅದೇ ಸರಿ. ಗೇನ್ ಏರಿಸಿದಿರೋ, ಸಾಯಬೇಕಾದ ಮೂರನೇ ನಾಲ್ಕನೇ ರಿಪೀಟುಗಳು ಎದ್ದು ಕೂರ್ತವೆ, ಕೆಸರು. ಗಿಟಾರಿನ ವಾಲ್ಯೂಮ್ 10ರಲ್ಲಿ ಬಿಡಬೇಡಿ, 7–8ಕ್ಕೆ ಇಳಿಸಿ. ಕೆಳದನಿ (ಬಾಸ್) ಕಡಿಮೆ, ಮೇಲ್ದನಿ (ಟ್ರೆಬಲ್) ಧಾರಾಳ.

ಪಿಕ್ (ತಂತಿ ಮೀಟೋ ಚಿಪ್ಪು) ಬಗ್ಗೆ ಒಂದು ಮಾತು. ಎಡ್ಜ್ ಹಿಡಿಯೋದು ಹೆರ್ಡಿಮ್ ಅನ್ನೋ ಜರ್ಮನ್ ನೈಲಾನ್ ಪಿಕ್, ಅದೂ ತಲೆಕೆಳಗಾಗಿ. ಬೆರಳು ಜಾರದಿರಲಿ ಅಂತ ಇರೋ ಗುಳಿಗುಳಿ ಭಾಗವನ್ನೇ ತಂತಿಗೆ ತಾಗಿಸ್ತಾರೆ. ಸ್ವರದ ಮೊದಲು ಸಣ್ಣ ಕೆರೆತ ಬರ್ತದೆ, ಪ್ರತಿ ರಿಪೀಟಿನ ಮೊದಲೂ ಅದು ಬರ್ತದೆ. ಮೃದಂಗದ ‘ತ’ ಕರಣೆಯ ಅಂಚಿನಿಂದ ಬಂದ ಹಾಗೆ ಚುರುಕು. ಗುಳಿ ಇರೋ ಯಾವ ನೈಲಾನ್ ಪಿಕ್ ತಿರುಗಿಸಿ ಹಿಡಿದರೂ ಸುಮಾರಾಗಿ ಇದೇ ಸಿಗ್ತದೆ.

ಒಂದು ಅಡ್ಡಮಾತು: ಡಿಜಿಟಲ್ ಡಿಲೇ ಪೆಡಲುಗಳು ಕರೆಂಟ್ ಹೆಚ್ಚು ಎಳೀತವೆ. ಒಂದೇ 9 ವೋಲ್ಟ್ ಅಡಾಪ್ಟರಿನಿಂದ ಸರಪಳಿ ಕೇಬಲ್ ಹಾಕಿ ಎಲ್ಲಾ ಪೆಡಲಿಗೂ ಕೊಟ್ಟರೆ ಸೊಳ್ಳೆ ಗುಯ್ಗುಡೋ ಸದ್ದು ಸೇರ್ತದೆ, ಆಮೇಲೆ ಆ ಸೊಳ್ಳೆಗೂ ರಿಪೀಟ್ ಬರ್ತದೆ. ಡಿಲೇಗೆ ಬೇರೆ ಅಡಾಪ್ಟರ್ ಕೊಡಿ. ಪೆಡಲ್ ಬೆನ್ನ ಮೇಲೆ ಬರೆದ ಮಿಲಿಆಂಪಿಯರ್, ಪೋಲಾರಿಟಿ ಎರಡೂ ನೋಡಿ ಹಾಕಿ.

#7 ಮಂದ್ರ4

ಗಿಟಾರಿನವರು ಮಾತಾಡಿ ಮುಗಿಸಿದ್ದರೆ ಬೇಸ್ (ಮಂದ್ರ ಸ್ವರದ ಗಿಟಾರ್) ಕಡೆ ಬರೋಣ.

‘ವಿತ್ ಆರ್ ವಿದೌಟ್ ಯೂ’ ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು): ಡಿ, ಎ, ಬಿ ಮೈನರ್, ಜಿ. ಬ್ಯಾಂಡಿನ ಬೇಸ್ ವಾದಕ ಆಡಂ ಕ್ಲೇಟನ್ ಒಂದೊಂದು ಬಾರ್‌ಗೆ (ನಾಲ್ಕು ಬೀಟಿನ ಗಂಟು) ಎಂಟೆಂಟು ಸ್ವರ ಹಾಕ್ತಾ ಹೋಗ್ತಾರೆ. 110ರಲ್ಲಿ ನಾಲ್ಕು ಬಾರ್‌ಗಳ ಒಂದು ಸುತ್ತಿಗೆ 8.7 ಸೆಕೆಂಡ್. 4 ನಿಮಿಷ 56 ಸೆಕೆಂಡಿನ ಹಾಡು. ಲೆಕ್ಕ ಹಾಕಿ, ಅದೇ ಸುತ್ತು ಮೂವತ್ತಕ್ಕೂ ಹೆಚ್ಚು ಸಲ. ಪಲ್ಲವಿ ಬೇರೆ, ಚರಣ ಬೇರೆ ಅಂತ ಕಾರ್ಡ್ ಬದಲಾಗೋದೇ ಇಲ್ಲ.

ಸುಲಭ ಅಂತ ಇದನ್ನ ಹೊಸಬರಿಗೆ ಕೊಡ್ತಾರೆ. ಏನು ತಪ್ಪಾಗ್ತದೆ ಅಂದರೆ, ಹತ್ತನೇ ಸುತ್ತಿಗೆ ಬೇಜಾರು ಬಂದು ಜಿ ಇಂದ ಡಿ ಗೆ ಹೋಗೋವಾಗ ಒಂದು ಓಟದ ಸ್ವರಗುಚ್ಛ ತುರುಕ್ತಾರೆ. ಅಲ್ಲಿಗೆ ಹಾಡು ಬಿತ್ತು. ಈ ಹಾಡಿನಲ್ಲಿ ಏರೋದು ಗಾಯಕ ಬೋನೊ ದನಿ, ಲ್ಯಾರಿ ಮಲ್ಲೆನ್ ಡ್ರಮ್, ಹಿಂದಿನ ಗಿಟಾರ್ ಪದರಗಳು. ಕೆಳಗಿನ ನೆಲ ಅಲುಗಾಡದಿದ್ದರೆ ಮಾತ್ರ ಮೇಲಿನವು ಎಷ್ಟು ಎತ್ತರ ಹೋದವು ಅಂತ ತಿಳಿಯೋದು. ತಂಬೂರಿ ಮಧ್ಯದಲ್ಲಿ ಸಂಗತಿ ಹಾಕಿದರೆ ಹೇಗಿರ್ತದೆ ಹೇಳಿ.

ಕೈಗೆ ಬೇಕಾದ್ದು: ಪ್ರತಿ ಎಂಟನೇ ಸ್ವರ ಒಂದೇ ಗಟ್ಟಿ, ಒಂದೇ ಉದ್ದ. ಕಾರ್ಡ್ ಬದಲಾಗೋ ಮೊದಲ ಸ್ವರಕ್ಕೆ ಒತ್ತು ಕೊಡೋ ಚಟ ಬಿಡಿ. ಕಂಪ್ರೆಸರ್ 4:1, ಮೀಟರ್ 4–5 ಡೆಸಿಬಲ್ ಮಾತ್ರ ಇಳೀಬೇಕು. ತಂತಿ ಹೊಳಪಿನ ಹೊಸತಿದ್ದರೆ ಟೋನ್ ಗುಬುಟು ಅರ್ಧ ಮುಚ್ಚಿ, ಇಲ್ಲದಿದ್ದರೆ ಗಿಟಾರಿನ ಕೆರೆತದ ಜಾಗಕ್ಕೆ ನೀವು ನುಗ್ಗಿದ ಹಾಗಾಗ್ತದೆ.

#8 ಹೊಸತಂತಿ

ಅದೇ ಹಾಡಿನಲ್ಲಿ ಹಿಂದೆ ಪಿಟೀಲಿನ ಹಾಗೆ ಎಳೆಯೋ ಸ್ವರ ಇದೆಯಲ್ಲ, ಅದು ಕೀಬೋರ್ಡಾ?

#9 ಮೀಟುಬೆರಳು

ಅದೂ ಗಿಟಾರೇ. ಕೆನಡಾದ ಮೈಕಲ್ ಬ್ರೂಕ್ ಮಾಡಿದ ಇನ್ಫಿನಿಟ್ ಗಿಟಾರ್. ತಂತಿಯ ಕಂಪನವನ್ನು ಪಿಕಪ್ ಹಿಡೀತದೆ, ಆ ಸಿಗ್ನಲನ್ನು ಹಿಗ್ಗಿಸಿ ಒಂದು ಸುರುಳಿಗೆ ಕೊಟ್ಟರೆ ಅದರ ಕಾಂತಕ್ಷೇತ್ರ ತಂತಿಯನ್ನು ಮತ್ತೆ ಅಲುಗಿಸ್ತದೆ. ಹೀಗಾಗಿ ಒಮ್ಮೆ ಮೀಟಿದ ಸ್ವರ ಬೇಕಾದಷ್ಟು ಹೊತ್ತು ನಿಲ್ತದೆ. ಅಂಥವು ಆಗ ಇದ್ದದ್ದೇ ಮೂರು: ಬ್ರೂಕ್ ಹತ್ತಿರ ಒಂದು, ನಿರ್ಮಾಪಕ ಡೇನಿಯಲ್ ಲನ್ವಾ ಹತ್ತಿರ ಒಂದು, ಎಡ್ಜ್ ಹತ್ತಿರ ಒಂದು. ಮಾದರಿ ಯಂತ್ರವಾದ್ದರಿಂದ ಜೋಡಿಸೋ ವಿಧಾನವನ್ನು ಉದ್ದಕ್ಕೆ ಬರೆದು ಕಳಿಸಿದ್ದರಂತೆ, ಒಂದು ವೈರ್ ತಪ್ಪಾಗಿ ಸಿಕ್ಕಿಸಿದರೆ ಶಾಕ್ ಹೊಡೆಯೋ ಸಾಮಾನು ಅದು.

ಈಗ ಅದಕ್ಕೆ ಬದಲಿ ಈಬೋ. ಕೈಯಲ್ಲಿ ಹಿಡಿಯೋ ಡಬ್ಬಿ, 9 ವೋಲ್ಟ್ ಬ್ಯಾಟರಿ ಸಾಕು. ಒಂದು ಸಲಕ್ಕೆ ಒಂದೇ ತಂತಿ. ಪಿಕಪ್ ಹತ್ತಿರ ಒಯ್ದರೆ ಸದ್ದು ದಿಢೀರ್ ಏರ್ತದೆ, ಕತ್ತಿನ ಕಡೆ ಸರಿಸಿದರೆ ಇಳೀತದೆ. ಬಿಲ್ಲು ಎಳೆದ ಹಾಗೆ ಬೇಕಿದ್ದರೆ ನಿಧಾನಕ್ಕೆ ಹತ್ತಿರ ತನ್ನಿ. ಅದೂ ಇಲ್ಲದಿದ್ದರೆ ವಾಲ್ಯೂಮ್ ಪೆಡಲ್ ಮುಚ್ಚಿ ಮೀಟಿ, ಮೀಟಿದ ಮೇಲೆ ತೆರೀರಿ, ಮುಂದೆ ಉದ್ದ ರಿವರ್ಬ್. ಸ್ವರ ನಿಲ್ಲಲ್ಲ, ಆದರೆ ಮಿಕ್ಸಿನ ಹಿಂದೆ ಸಾಕಾಗ್ತದೆ.

#10 ಹುಬ್ಳಿ_ಲಯ

‘ಸ್ಟ್ರೀಟ್ಸ್’ ಬಗ್ಗೆ ಒಂದು ಮುಖ್ಯ ಮಾತು ಯಾರೂ ಹೇಳ್ಲಿಲ್ಲ. ಅದು ಶುರು ಆಗೂದು ಮೂರರ ಲೆಕ್ಕದಾಗ, ಬ್ಯಾಂಡ್ ಬಂದು ಕೂಡಿದ ಮ್ಯಾಲ ನಾಲ್ಕರಾಗ. ಗಿಟಾರಿನ ಸರಪಳಿ ಆರ ಸ್ವರದ್ದು. ಮೂರ ತಟ್ಟು, ತಟ್ಟಿಗೆ ಎರಡು ಸ್ವರ. ಬಹಳ ಮಂದಿ ದಾಟೂ ಜಾಗದಾಗ ವೇಗ ಬದಲಿ ಮಾಡ್ತಾರ, ಅದ ತಪ್ಪು. ತಟ್ಟಿನ ವೇಗ ಹಂಗ ಇರ್ತದ, ಕಟ್ಟೂ ಗಂಟು ಅಷ್ಟ ಬದಲಾಗ್ತದ.

ಸಾಧನಾ ಹಿಂಗ ಮಾಡ್ರಿ. ಆರ ಸ್ವರದ ಸರಪಳಿ ನಾಲ್ಕ ಸಲ ಬಾರಿಸಿದ್ರ 24 ಸ್ವರ. ಎಂಟ ಸ್ವರದ ಬಾರ್ ಮೂರಾದ್ರೂ 24 ಸ್ವರ. ಕಾಲಿಲೆ ನಾಲ್ಕರ ತಾಳ ಹಾಕ್ಕೋತ ಕೈಯಾಗ ಆರರ ಸರಪಳಿ ಬಿಡದ ಓಡಸ್ರಿ. ಮೂರನೇ ಬಾರ್ ಮುಗಿದ ಕೂಡ್ಲೇ ಎರಡೂ ಒಂದ ಸಮಕ್ಕ ಬಂದು ನಿಲ್ತಾವ. ನಮ್ಮ ಕಡೆ ತನಿಯಾಗ (ತಾಳವಾದ್ಯದ ಒಂಟಿ ಸರದಿ) ಸಮಕ್ಕ ಮುಗಿಯೂ ಕೋರ್ವೆ ಕೂಡಿಸಿದ ಹಂಗ. ಇದು ಬಾಯಿಗೆ ಬಂದ ಮ್ಯಾಲ ಗಿಟಾರ್ ಹಿಡೀರಿ. ಹಾಡು ಮುಗಿಯೂ ಮುಂದೂ ಅದ ಸರಪಳಿ ತಿರುಗಿ ಬರ್ತದ, ಅಲ್ಲಿ ತಪ್ಪಿದ್ರ ಇಡೀ ಹಾಡಿನ ಮಾನ ಹೋಗ್ತದ.

ಬ್ಯಾಂಡಿಗೇ ಇದು ತಲಿ ತಿಂದದ. ಎಡ್ಜ್ ಇದರ ಮೊದಲ ರೂಪ ಮಾಡಿದ್ದು ಡಬ್ಲಿನ್ ಹತ್ತಿರದ ಮಾಂಕ್ಸ್‌ಟೌನಿನ ತಮ್ಮ ಮನ್ಯಾಗ, ನಾಲ್ಕ ಟ್ರ್ಯಾಕಿನ ಯಂತ್ರದ ಮ್ಯಾಲ. ಬ್ಯಾಂಡಿನವರಿಗೆ ಕಾರ್ಡ್ ಬದಲಾಗೂ ಜಾಗ ತಪ್ಪತಿತ್ತು ಅಂತ ಲನ್ವಾ ಕರೀ ಹಲಗಿ ಮ್ಯಾಲ ಬರದು, ಕೋಲು ಹಿಡದು ತೋರಿಸಿದ್ರು. ಇನ್ನೊಬ್ಬ ನಿರ್ಮಾಪಕ ಬ್ರಯನ್ ಈನೊ ಅಂತೂ, ಆಲ್ಬಮ್ಮಿನ ಅರ್ಧ ವ್ಯಾಳ್ಯಾ ಈ ಒಂದ ಹಾಡಿಗೆ ಹೋತು ಅಂದು, ಟೇಪ್ ಅಳಿಸಿಬಿಟ್ಟು ಹೊಸದಾಗಿ ಶುರು ಮಾಡಿದ್ರ ಹಗೂರ ಆಗ್ತದ ಅಂತ ಹೊಂಟಿದ್ರು. ಕಡೀಗೆ ಅಳಿಸ್ಲಿಲ್ಲ.

#11 ಕರಾವಳಿ_ಕಿವಿ

ಅಳಿಸಿದ್ದರೆ ಈ ಎಳೆಯೇ ಇರ್ತಿರಲಿಲ್ಲ.

ಜಾಗದ ವಿಷಯ ಬಂತು ಅಂತ ಹೇಳುದು: ಎಲ್ಲವೂ ಸ್ಟುಡಿಯೋದಲ್ಲಿ ಆದದ್ದಲ್ಲ. ಡಬ್ಲಿನ್ನಿನ ರಾತ್‌ಫಾರ್ನಮ್ ಪಕ್ಕದ ಡೇನ್ಸ್‌ಮೋಟ್ ಎಂಬ ಹಳೇ ದೊಡ್ಡ ಮನೆಯಲ್ಲಿ ಬಹಳಷ್ಟು ನುಡಿಸಿದ್ದು, ಆಮೇಲೆ ಅದನ್ನು ಕ್ಲೇಟನ್ನೇ ಕೊಂಡುಕೊಂಡರು. ಎತ್ತರದ ಚಾವಣಿ, ಮರದ ನೆಲ. ಡ್ರಮ್ಮಿನ ಹಿಂದೆ ಕೋಣೆಯ ಗಾಳಿ ಕೇಳ್ತದಲ್ಲ, ಅದು ಪೆಟ್ಟಿಗೆಯ ರಿವರ್ಬ್ ಮಾತ್ರ ಅಲ್ಲ. ಪದರಗಳನ್ನು ಬೆರೆಸುವ ಮಿಕ್ಸ್ ಕೆಲಸಕ್ಕೆ ಕೊನೆಯಲ್ಲಿ ನಿರ್ಮಾಪಕ ಸ್ಟೀವ್ ಲಿಲ್ಲಿವೈಟ್ ಅನ್ನೂ ಕರೆಸಿದ್ರು. ಹಾಡುಗಳ ಅನುಕ್ರಮ ಅವರ ಹೆಂಡತಿ, ಗಾಯಕಿ ಕರ್ಸ್ಟಿ ಮಕಾಲ್ ಮಾಡಿದ್ದು. ‘ಸ್ಟ್ರೀಟ್ಸ್’ ಮೊದಲು, ‘ಮದರ್ಸ್ ಆಫ್ ದ ಡಿಸಪಿಯರ್ಡ್’ ಕೊನೆಗೆ ಅಂತ ಮಾತ್ರ ಹೇಳಿದ್ರು, ನಡುವಿನದನ್ನು ಅವರು ತಮಗೆ ಇಷ್ಟವಾದ ಕ್ರಮದಲ್ಲಿ ಜೋಡಿಸಿದ್ರು. ಮೊದಲ ಮೂರು ಹಾಡು ಒಂದರ ಹಿಂದೆ ಒಂದು ಹಾಗೆ ಬಂದು ಕೂತದ್ದು ಅವರ ಕಿವಿಯ ಪುಣ್ಯ.

#12 ಗುಂಡುಸೂಜಿ

ಕೊಳ್ಳೋರಿಗೆ ಸ್ವಲ್ಪ ಮಾಹಿತಿ, ಯಾಕೆಂದರೆ ಯಾವ ಪ್ರತಿ ಅನ್ನೋದರ ಮೇಲೆ ಕೇಳಿಸೋದು ಬದಲಾಗ್ತದೆ.

1987 ಮಾರ್ಚ್ 9ಕ್ಕೆ ಐಲೆಂಡ್ ರೆಕಾರ್ಡ್ಸ್‌ನಿಂದ ಬಂದದ್ದು. ಹನ್ನೊಂದು ಹಾಡು, ಒಟ್ಟು 50 ನಿಮಿಷ ಚಿಲ್ಲರೆ. ಎಲ್‌ಪಿಯಲ್ಲಿ (ಗ್ರಾಮಫೋನ್ ತಟ್ಟೆ) ಮೊದಲ ಬದಿಗೆ ಐದು ಹಾಡು, ಸುಮಾರು 24 ನಿಮಿಷ. ಎರಡನೇ ಬದಿಗೆ ಆರು, ಸುಮಾರು 26. ರಾಕ್ ಎಲ್‌ಪಿಗೆ ಇದು ತುಂಬಿದ ಚೀಲ. ಗೆರೆಗಳನ್ನು ಒತ್ತೊತ್ತಾಗಿ ಕೊರೀಬೇಕು, ಹಾಗಾಗಿ ಸದ್ದಿನ ಮಟ್ಟ ಇಳಿಸಬೇಕು, ಒಳಗಿನ ಗೆರೆಗಳಲ್ಲಿ ಸೂಜಿ ‘ಸ’ಕಾರಗಳನ್ನು ಉಜ್ಜಿ ಹಾಕ್ತದೆ. ಎರಡನೇ ಬದಿಯ ಕೊನೆಯ ‘ಎಕ್ಸಿಟ್’, ‘ಮದರ್ಸ್’ ಎರಡಕ್ಕೂ ಈ ಅಪಾಯ. ‘ಎಕ್ಸಿಟ್’ ಪಿಸುಮಾತಿನಿಂದ ಕೂಗಿನವರೆಗೆ ಹೋಗೋ ಹಾಡು ಬೇರೆ. ಹಳೇ ಎಲ್‌ಪಿ ಕೊಳ್ಳೋವಾಗ ಅಂಗಡಿಯಲ್ಲಿ ಮೊದಲ ಹಾಡು ಕೇಳಿಸಿ ಕೊಡ್ತಾರೆ, ಅದರಿಂದ ಏನೂ ತಿಳಿಯಲ್ಲ. ಎರಡನೇ ಬದಿಯ ಕೊನೆಯ ಐದು ನಿಮಿಷ ಹಾಕಿಸಿ ಕೇಳಿ.

2007ರ ಇಪ್ಪತ್ತನೇ ವರ್ಷದ ಮರುಮುದ್ರಣದ ವಿನೈಲ್ ಎರಡು ತಟ್ಟೆಯದು, 180 ಗ್ರಾಂ. ಬದಿಗೆ ಹನ್ನೆರಡು–ಹದಿಮೂರು ನಿಮಿಷದ ಲೆಕ್ಕ, ಗೆರೆಗೆ ಜಾಗ ಧಾರಾಳ. ನುಡಿಸೋ ಉದ್ದೇಶಕ್ಕೆ ಕೇಳೋರು ಇದನ್ನೇ ಹುಡುಕಿ.

ಮೊದಮೊದಲ ಸಿಡಿಗಳಲ್ಲಿ ಒಂದು ಎಡವಟ್ಟಿದೆ. ‘ಒನ್ ಟ್ರೀ ಹಿಲ್’ ಮುಗಿದ ಮೇಲೆ ಒಂದು ನಿಶ್ಶಬ್ದದ ಕ್ಷಣ, ಆಮೇಲೆ ಮೆಲುದನಿಯ ಒಂದು ಬಾಲ ಬರ್ತದೆ. ಟ್ರ್ಯಾಕ್ ಗುರುತು ಹಾಕೋವಾಗ ಆ ಬಾಲ ಮುಂದಿನ ‘ಎಕ್ಸಿಟ್’ಗೆ ಸೇರಿಹೋಯ್ತು. ಸಾಲಾಗಿ ಕೇಳಿದರೆ ಗೊತ್ತಾಗಲ್ಲ. ಕಂಪ್ಯೂಟರಿಗೆ ಇಳಿಸಿ ಒಂದೊಂದೇ ಹಾಡು ಹಾಕಿದರೆ ‘ಎಕ್ಸಿಟ್’ ಅಂತ ಒತ್ತಿದಾಗ ಬೇರೆ ಹಾಡಿನ ತುದಿ ಕೇಳಿಸ್ತದೆ. ರೀಮಾಸ್ಟರಿನಲ್ಲಿ (2007ರ ಮರುಮುದ್ರಣ) ಸರಿಯಾಗಿದೆ: ‘ಒನ್ ಟ್ರೀ ಹಿಲ್’ 5:23, ‘ಎಕ್ಸಿಟ್’ 4:13. ನಿಮ್ಮ ಫೈಲಿನ ಉದ್ದ ಇದಕ್ಕಿಂತ ಬೇರೆ ಇದ್ದರೆ ಕಾರಣ ಇದೇ. ಯಾವುದಾದರೂ ಎಡಿಟರಿನಲ್ಲಿ ಎರಡನ್ನೂ ಜೋಡಿಸಿ, ಬಾಲದ ನಂತರದ ಮೌನದಲ್ಲಿ ಕತ್ತರಿಸಿದರಾಯ್ತು.

ಆ ಹಾಡಿನ ಹಿನ್ನೆಲೆ ಗೊತ್ತಿದ್ದವರಿಗೆ ಆ ಬಾಲ ಬೇರ್ಪಟ್ಟದ್ದು ಕಿರಿಕಿರಿ. ಬ್ಯಾಂಡಿನ ಜೊತೆಗಿದ್ದ ನ್ಯೂಜಿಲೆಂಡಿನ ಮಾವೋರಿ ಯುವಕ ಗ್ರೆಗ್ ಕ್ಯಾರಲ್ 1986ರ ಜುಲೈನಲ್ಲಿ ಡಬ್ಲಿನ್ನಿನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಒನ್ ಟ್ರೀ ಹಿಲ್ ಅನ್ನೋದು ಆಕ್ಲೆಂಡಿನ ಗುಡ್ಡ, ಮಾವೋರಿಯಲ್ಲಿ ಮೌಂಗಾಕಿಎಕಿಎ. ಎರಡನೇ ಸಲ ಹಾಡೋಕೆ ಆಗಲ್ಲ ಅಂತ ಬೋನೊ ಒಂದೇ ಟೇಕಿನಲ್ಲಿ ಹಾಡಿ ಮುಗಿಸಿದ್ದು.

‘ರೆಡ್ ಹಿಲ್ ಮೈನಿಂಗ್ ಟೌನ್’ ಬಗ್ಗೆ: 1984ರ ಬ್ರಿಟಿಷ್ ಗಣಿ ಕಾರ್ಮಿಕರ ಮುಷ್ಕರದಿಂದ ಹುಟ್ಟಿದ ಹಾಡು. ಎರಡನೇ ಸಿಂಗಲ್ ಮಾಡಬೇಕು ಅಂತ ನೀಲ್ ಜೋರ್ಡನ್ ಕೈಲಿ ವಿಡಿಯೋ ಕೂಡ ಮಾಡಿಸಿ, ಮೇಲಿನ ಸ್ವರಗಳು ವೇದಿಕೆಯ ಮೇಲೆ ಎಟುಕದೆ ಕೈಬಿಟ್ಟರು. ಮೊದಲ ಸಲ ಜನರ ಮುಂದೆ ಹಾಡಿದ್ದು ಮೂವತ್ತು ವರ್ಷದ ಮೇಲೆ, 2017ರ ಮೇ ತಿಂಗಳಲ್ಲಿ ವ್ಯಾಂಕೂವರಿನಲ್ಲಿ. ಅದೇ ವರ್ಷ ಲಿಲ್ಲಿವೈಟ್ ಮಾಡಿದ ಹೊಸ ಮಿಕ್ಸ್ ಬಂತು, ಹಿತ್ತಾಳೆ ವಾದ್ಯಗಳು ಅದರಲ್ಲಿ ಮುಂದೆ ಬಂದಿವೆ. 1987ರದಕ್ಕಿಂತ ಅದೇ ವಾಸಿ ಅನ್ನೋದು ನನ್ನ ಮತ, ಬಡಿದಾಡೋರು ಬನ್ನಿ.

#13 ಮಂದ್ರ4

ಬಡಿದಾಡಲ್ಲ. ಆದರೆ ಬೇಸ್ ಕೇಳೋಕೆ 1987ರದೇ ಒಳ್ಳೇದು, ಹೊಸದರಲ್ಲಿ ಹಿತ್ತಾಳೆ ನಡುದನಿಯನ್ನೆಲ್ಲ ತಿಂದುಹಾಕಿದೆ.

#14 ಹೊಸತಂತಿ

ಮುಖಪುಟದ ಮರ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿನಲ್ಲಿ ಇದೆ ಅಲ್ವಾ? ಅಮೆರಿಕದಲ್ಲಿರೋ ಕನ್ನಡದವರು ಯಾರಾದರೂ ಹೋಗೋದಿದ್ದರೆ ಫೋಟೋ ಹಾಕಿ.

#15 ಕರಾವಳಿ_ಕಿವಿ

ಇದೇ ತಪ್ಪು ಎಲ್ಲರೂ ಮಾಡುದು. ಪಾರ್ಕಿಗೂ ಆ ಮರಕ್ಕೂ ಸಂಬಂಧ ಇಲ್ಲ. ಮರ ಇದ್ದದ್ದು ಡೆತ್ ವ್ಯಾಲಿಗೆ ಹೋಗುವ 190ನೇ ಹೆದ್ದಾರಿಯ ಬದಿ, ಡಾರ್ವಿನ್ ಎಂಬ ಊರಿನ ಹತ್ತಿರ. ಪಾರ್ಕ್ ಅಲ್ಲಿಂದ 200 ಮೈಲಿಗೂ ಹೆಚ್ಚು ದೂರ, ದಕ್ಷಿಣಕ್ಕೆ. ಪಾರ್ಕಿನಲ್ಲಿ ಇಡೀ ದಿನ ತಿರುಗಿದರೂ ಸಾವಿರಾರು ಜೋಶುವಾ ಮರ ಸಿಕ್ಕೀತು, ಇದು ಸಿಕ್ಕುದಿಲ್ಲ. ಮತ್ತೆ ಆ ಮರವೇ 2000ದ ಸುಮಾರಿಗೆ ಬಿದ್ದು ಹೋಯಿತು. ಬಿದ್ದ ಕಾಂಡದ ಹತ್ತಿರ ಅಭಿಮಾನಿಗಳು ಇಟ್ಟ ಒಂದು ಫಲಕ ಉಂಟು. ಮರುಭೂಮಿ, ಬೇಸಿಗೆಯಲ್ಲಿ ಹೋಗುದೇ ಬೇಡ. ಹೋಗುವವರು ನೀರು, ಪೆಟ್ರೋಲ್ ಎರಡೂ ಮೊದಲೇ ತುಂಬಿಸಿಕೊಳ್ಳಿ.

ಮುಖಪುಟದ ಮುಂಭಾಗದಲ್ಲಿ ಮರವೇ ಇಲ್ಲ, ಗಮನಿಸಿದ್ದೀರಾ? ಅಲ್ಲಿ ಕಾಣುದು ಡೆತ್ ವ್ಯಾಲಿಯ ಜಬ್ರಿಸ್ಕಿ ಪಾಯಿಂಟ್. ಮರ ಇರುದು ಎಲ್‌ಪಿಯನ್ನು ಬಿಡಿಸಿದರೆ ಒಳಗೆ. ಫೋಟೋ ಆಂಟನ್ ಕಾರ್ಬೈನ್‌ರದ್ದು, 1986ರ ಡಿಸೆಂಬರಿನಲ್ಲಿ ತೆಗೆದದ್ದು. ಅಗಲದ ದೃಶ್ಯಕ್ಕೆ ಪನೋರಮಾ ಕ್ಯಾಮೆರಾ ಬಾಡಿಗೆಗೆ ತಂದಿದ್ರು, ಅದರ ಫೋಕಸ್ ಅವರಿಗೆ ಅಭ್ಯಾಸ ಇರಲಿಲ್ಲ. ಹಿಂದಿನ ಬೆಟ್ಟ ಚೂಪಾಗಿ, ಮುಂದಿನ ನಾಲ್ಕು ಜನ ತುಸು ಮಸುಕಾಗಿ ಬಂದದ್ದು ಹಾಗೆ. ನಿಮ್ಮ ಪ್ರತಿಯಲ್ಲಿ ಮುಖಗಳು ಮಸುಕಾಗಿದ್ದರೆ ಮುದ್ರಣ ಕೆಟ್ಟದ್ದು ಅಂತ ಅಂಗಡಿಯವನ ಹತ್ತಿರ ಜಗಳ ಮಾಡುದು ಬೇಡ.

#16 ಗುಂಡುಸೂಜಿ

ನಮ್ಮ ಕಡೆಗೂ ಈ ಆಲ್ಬಂ ಒಮ್ಮೆ ಬಂದಿತ್ತು ಅನ್ನೋದು ದಾಖಲಾಗಲಿ. 2019ರ ಡಿಸೆಂಬರ್ 15, ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣ. ಈ ಆಲ್ಬಮ್ಮನ್ನೇ ನುಡಿಸಿದ ಪ್ರವಾಸದ ಕೊನೆಯ ಕಛೇರಿ, ಭಾರತದಲ್ಲಿ ಯು2ದ್ದು ಅದೇ ಮೊದಲು. ಆಲ್ಬಮ್ಮಿನ ಹನ್ನೊಂದೂ ಹಾಡು ಅದೇ ಅನುಕ್ರಮದಲ್ಲಿ. ಎ.ಆರ್. ರಹಮಾನ್ ಕೂಡ ವೇದಿಕೆಗೆ ಬಂದಿದ್ದರು.

#17 ಹೊಸತಂತಿ

357 ಸಿಕ್ತು, ಹೊಲಿಗೆ ಯಂತ್ರ ಕೇಳಿಸ್ತಿದೆ, ಎಲ್ಲರಿಗೂ ಥ್ಯಾಂಕ್ಸ್. ಆದರೆ ಎರಡು ತೊಂದರೆ ಉಳಿದಿದೆ. ಒಂದು, ಕಾರ್ಡ್ ಬದಲಾದ ತಕ್ಷಣ ಅರ್ಧ ಸೆಕೆಂಡ್ ಅಪಸ್ವರ. ಎರಡು, ಕಂಪ್ಯೂಟರಿನಲ್ಲಿ ಡಿಲೇ ಪ್ಲಗಿನ್ ಹಾಕಿ ಬ್ಲೂಟೂತ್ ಹೆಡ್‌ಫೋನಿನಲ್ಲಿ ನುಡಿಸಿದರೆ ಕೈ ತಡವರಿಸ್ತದೆ.

#18 ಮೀಟುಬೆರಳು

ಎರಡನೆಯದು ಮೊದಲು. ಬ್ಲೂಟೂತ್ ಬಿಡಿ. ಅದು ತಾನೇ ನೂರು–ಇನ್ನೂರು ಮಿಲಿಸೆಕೆಂಡ್ ತಡ ಮಾಡ್ತದೆ, ನಿಮ್ಮ ಒಂದು ಸ್ವರದಿಂದ ಮುಂದಿನ ಸ್ವರಕ್ಕೇ 238. ಯಾರಿಗೂ ನುಡಿಸೋಕಾಗಲ್ಲ. ವೈರಿನ ಹೆಡ್‌ಫೋನ್ ಹಾಕಿ, ಆಡಿಯೋ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳೋ ಸದ್ದಿನ ತುಣುಕು) 128ಕ್ಕೆ ಇಳಿಸಿ. ಪಟಪಟ ಸದ್ದು ಬಂದರೆ 256.

ಅಪಸ್ವರಕ್ಕೆ ಕಾರಣ #4ರಲ್ಲಿ ಹುಬ್ಳಿಯವರು ಆಗಲೇ ಹೇಳಿದ್ದಾರೆ. ಹಳೇ ಕಾರ್ಡಿನ ಎರಡನೇ ರಿಪೀಟ್ 714 ಮಿಲಿಸೆಕೆಂಡ್ ಆದ ಮೇಲೆ ಬರ್ತದೆ, ಅಷ್ಟರಲ್ಲಿ ನೀವು ಹೊಸ ಕಾರ್ಡಿನಲ್ಲಿ ಇರ್ತೀರಿ. ಫೀಡ್‌ಬ್ಯಾಕ್ 30 ಇದ್ದರೆ 20ಕ್ಕೆ ಇಳಿಸಿ. ಸಾಲದಿದ್ದರೆ ಕಾರ್ಡ್ ಬದಲಾಗೋ ಮುಂಚಿನ ಕೊನೆಯ ಮೂರು ಸ್ವರಗಳಲ್ಲಿ ಎರಡೂ ಕಾರ್ಡಿಗೆ ಹೊಂದೋದನ್ನು ಮಾತ್ರ ನುಡಿಸಿ. ಡಿ ಇಂದ ಜಿ ಗೆ ಹೋಗೋವಾಗ ಡಿ ಸ್ವರ ಎರಡರಲ್ಲೂ ಇದೆ, ಜಿ ಇಂದ ಬಿ ಮೈನರಿಗೂ ಅದೇ ಡಿ ನಡೀತದೆ. ಎಡ್ಜ್ ಬಹಳ ಕಡೆ ಮೇಲಿನ ಒಂದೆರಡು ಸ್ವರ ಕದಲಿಸದೆ ಬೇಸ್ ಗಿಟಾರಿಗೆ ಮಾತ್ರ ಕೆಳಗೆ ಓಡಾಡೋಕೆ ಬಿಡೋದು ಇದಕ್ಕೇ. ಕಾರ್ಡ್ ಬದಲಾಯ್ತು ಅನ್ನೋ ಭಾವ ಮಂದ್ರದಿಂದ ಬರ್ತದೆ, ಗಿಟಾರ್ ನಿಂತಲ್ಲೇ ನಿಂತಿರ್ತದೆ.

#19 ಮಂದ್ರ4

ಕೊನೆಗೂ ಒಪ್ಪಿಕೊಂಡಿರಿ.

#20 ಹುಬ್ಳಿ_ಲಯ

ಬಿ ಮೈನರಿಂದ ಎ ಗೆ ಹೋಗೂ ಮುಂದ ಡಿ ಹಿಡಕೊಂಡು ಕುಂಡ್ರಬ್ಯಾಡ್ರಿ ಮತ್ತ, ಎ ದಾಗ ಸಿ ಶಾರ್ಪ್ ಐತಿ, ಒಂದ ಅರ್ಧ ಸ್ವರದ ತಿಕ್ಕಾಟ ಆಗ್ತದ. ಎರಡಕ್ಕೂ ಕೂಡೂ ಸ್ವರ ಇಲ್ಲ ಅಲ್ಲೆ. ‘ಇ’ ಹಿಡೀರಿ. ಎ ದಾಗ ಅದು ಮನೀದು, ಬಿ ಮೈನರಿನ ಮ್ಯಾಲ ನಾಕನೇದು ಆಗಿ ತೂಗಾಡ್ತದ, ಅಪಸ್ವರ ಅನಸೂದಿಲ್ಲ.